ವರ್ಗವಾದವರ ಬೀಗದ ಕೈ

ತಲೆಮಾರುಗಳಿಂದ ಕಂದಾಯ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವನು ರೈತ, ಸಹಿ ಹಾಕುತ್ತಿದ್ದವನು ಸರ್ಕಾರಿ ನೌಕರ. 2001ರ ಸುಮಾರಿಗೆ ಕರ್ನಾಟಕದ ತಾಲೂಕು ಕಚೇರಿಗಳಲ್ಲಿ ಇದು ತಿರುವುಮುರುವಾಯಿತು. ‘ಭೂಮಿ’ ಯೋಜನೆ ಬಂದು, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ತಲಾಟಿಯ ದಫ್ತರ ಬಿಟ್ಟು ಕಂಪ್ಯೂಟರ್ ಸೇರಿದವು. ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಇವತ್ತಿಗೂ ‘ಉತಾರ’ ಎಂದೇ ಕರೆಯುವ ಆ ಕಾಗದವನ್ನು 177 ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟು ಪಡೆಯುವಂತಾಯಿತು. ಕಿಟಕಿಯಾಚೆ ನಿಂತ ರೈತ ಸರ್ವೆ ನಂಬರು ಹೇಳಿ ಹಣ ಕೊಟ್ಟರೆ ಮುಗಿಯಿತು. ಬೆರಳು ಒತ್ತಬೇಕಾದವನು ಒಳಗೆ ಕುಳಿತ ನೌಕರ. ‘ಭೂಮಿ’ ತಂತ್ರಾಂಶಕ್ಕೆ ಕಾಂಪ್ಯಾಕ್ ಕಂಪನಿಯ ಬೆರಳಚ್ಚು ಲಾಗಿನ್ ವ್ಯವಸ್ಥೆಯನ್ನು ಜೋಡಿಸಿದ್ದರು. ಬೆರಳು ಒಪ್ಪಿಗೆಯಾದರಷ್ಟೇ ದಾಖಲೆಗೆ ಕೈ ಹಚ್ಚಲು ಸಾಧ್ಯ.

ಪಾಸ್‌ವರ್ಡ್ ಸಾಲದೆ? ಸಾಲದು ಎಂದು ಯೋಜನೆ ರೂಪಿಸಿದವರಿಗೆ ಗೊತ್ತಿತ್ತು. ಹೊಲದ ಹಕ್ಕು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಸರಿದು, ನಾಳೆ ತಕರಾರು ಎದ್ದರೆ, ‘ಅದು ನಾನಲ್ಲ, ನನ್ನ ಪಾಸ್‌ವರ್ಡ್ ಯಾರೋ ಹಾಕಿದ್ದಾರೆ’ ಎನ್ನುವುದು ತೀರ ಸುಲಭ. ಬೆರಳಿನ ಬಗ್ಗೆ ಹಾಗೆ ಹೇಳಲಾಗದು. ಕಚೇರಿಯ ಕಂಪ್ಯೂಟರಿನಲ್ಲಿ ‘ನೀನು ಯಾರು?’ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಗಂಭೀರವಾಗಿ ಎದ್ದದ್ದು ಬಹುಶಃ ಅಲ್ಲೇ.

‘ಭೂಮಿ’ಗೆ ಒಂದು ಅನುಕೂಲವಿತ್ತು. ಒಂದೇ ತಂತ್ರಾಂಶ, ಒಂದೇ ಬಗೆಯ ಯಂತ್ರಗಳು, ಮೇಲೆ ಸರ್ಕಾರದ ಆದೇಶ. ಸಾಮಾನ್ಯ ಕಚೇರಿಗೆ ಇದರಲ್ಲಿ ಒಂದೂ ಇರುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ಕೇಂದ್ರ ಕಚೇರಿ, ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ಒಂದೊಂದು ಕಾಲೇಜು ಇರುವ ಶಿಕ್ಷಣ ಸಂಸ್ಥೆಯೊಂದನ್ನು ಕಲ್ಪಿಸಿಕೊಳ್ಳಿ. ಲೆಕ್ಕಪತ್ರ ವಿಭಾಗದಲ್ಲಿ ಟ್ಯಾಲಿಗಾಗಿ ವಿಂಡೋಸ್. ಕಂಪ್ಯೂಟರ್ ಲ್ಯಾಬಿನಲ್ಲಿ ಲೈಸೆನ್ಸಿನ ಖರ್ಚಿಲ್ಲದ ಉಬುಂಟು ಲಿನಕ್ಸ್. ವಾರ್ಷಿಕ ಸಂಚಿಕೆಯ ಪುಟ ಕಟ್ಟುವವರ ಮೇಜಿನ ಮೇಲೆ ಒಂದು ಮ್ಯಾಕ್. ಪ್ರತಿ ಯಂತ್ರಕ್ಕೂ ತನ್ನದೇ ಆದ ಬಳಕೆದಾರರ ಪಟ್ಟಿ. ಇಪ್ಪತ್ತು ಯಂತ್ರ, ಮೂವತ್ತು ಜನ, ಎಲ್ಲರೂ ಎಲ್ಲ ಕಡೆ ಕೆಲಸ ಮಾಡಬೇಕೆಂದರೆ ಆರು ನೂರು ದಾಖಲೆ. ಪಾಸ್‌ವರ್ಡ್ ಬದಲಿಸುವುದೆಂದರೆ ಇಪ್ಪತ್ತು ಯಂತ್ರಗಳಿಗೆ ಪ್ರದಕ್ಷಿಣೆ.

ಈಗ ಹುನಗುಂದದ ಗುಮಾಸ್ತರೊಬ್ಬರಿಗೆ ಬಾದಾಮಿಗೆ ವರ್ಗವಾಯಿತು ಎನ್ನಿ. ಬಾದಾಮಿಯಲ್ಲಿ ಅವರ ಖಾತೆ ಅದೇ ದಿನ ತೆರೆಯುತ್ತದೆ, ಏಕೆಂದರೆ ತೆರೆಯದಿದ್ದರೆ ಅವರ ಕೆಲಸ ನಡೆಯದು, ಗದ್ದಲ ಆಗುತ್ತದೆ. ಹುನಗುಂದದ ಹಳೆಯ ಖಾತೆ? ಅದು ತೆರೆದೇ ಇದ್ದರೆ ಯಾರಿಗೂ ತೊಂದರೆಯಿಲ್ಲ, ಯಾರೂ ಫೋನ್ ಮಾಡುವುದಿಲ್ಲ. ನಿವೃತ್ತರಾದವರದು, ಕೆಲಸ ಬಿಟ್ಟವರದು, ಜಗಳವಾಡಿ ಹೋದವರದು ಎಲ್ಲವೂ ಹಾಗೇ ಉಳಿಯುತ್ತವೆ. ಎಲ್ಲ ಯಂತ್ರಗಳಿಗೂ ಒಂದೇ ಕಡೆ ಗುರುತು ಪರೀಕ್ಷಿಸುವ ವ್ಯವಸ್ಥೆ ಬೇಕು ಎನ್ನುವವರು ಸಾಮಾನ್ಯವಾಗಿ ಒಂದೇ ಪಾಸ್‌ವರ್ಡಿನ ಸೌಕರ್ಯದ ಮಾತಾಡುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಒಳಗೆ ಬಿಡುವುದು ಹೇಗಾದರೂ ನಡೆದುಹೋಗುತ್ತದೆ. ಹೊರಗೆ ಕಳಿಸುವುದಕ್ಕೆ ಈ ವ್ಯವಸ್ಥೆ ಬೇಕು.

ಹಾಗಾದರೆ ಒಂದು ಯಂತ್ರದ ಪಟ್ಟಿಯನ್ನು ಎಲ್ಲ ಯಂತ್ರಗಳಿಗೂ ನಕಲು ಮಾಡಿದರಾಗದೆ? ಆಗದು. ಅದರ ಹಿಂದೊಂದು ಒಳ್ಳೆಯ ಕಥೆಯಿದೆ.

1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಟ್ಟಿತ್ತು. ಒಬ್ಬರ ಫೈಲನ್ನು ಇನ್ನೊಬ್ಬರು ನೋಡಬಾರದೆಂದು ಪಾಸ್‌ವರ್ಡ್ ಇಟ್ಟರು. ಆ ಪಾಸ್‌ವರ್ಡುಗಳು ಒಂದು ಫೈಲಿನಲ್ಲಿ ಇದ್ದದ್ದು ಇದ್ದಹಾಗೇ ಬರೆದಿದ್ದವು. ಒಂದು ದಿನ ಇಬ್ಬರು ನಿರ್ವಾಹಕರು ಒಂದೇ ಹೊತ್ತಿಗೆ ಬೇರೆ ಬೇರೆ ಫೈಲುಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾದವು. ಅಂದು ಲಾಗಿನ್ ಆದ ಪ್ರತಿಯೊಬ್ಬರಿಗೂ ದಿನದ ಸ್ವಾಗತ ಸಂದೇಶದ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿ ಕಾಣಿಸಿತು.

ಅದೇ ದಶಕದಲ್ಲಿ ಕೇಂಬ್ರಿಡ್ಜಿನ ರೋಜರ್ ನೀಡಮ್ ಒಂದು ಉಪಾಯ ಹೇಳಿದರು: ಪಾಸ್‌ವರ್ಡನ್ನು ಇಡಲೇಬೇಡಿ. ಅದನ್ನು ಒಂದು ಗಣಿತ ಕ್ರಿಯೆಗೆ ಒಡ್ಡಿ, ಬಂದ ಫಲಿತಾಂಶವನ್ನಷ್ಟೇ ಇಡಿ. ಆ ಕ್ರಿಯೆ ಒಮ್ಮುಖವಾಗಿರಬೇಕು, ಅಂದರೆ ಫಲಿತಾಂಶದಿಂದ ಪಾಸ್‌ವರ್ಡಿಗೆ ಹಿಂದೆ ಹೋಗಲು ದಾರಿ ಇರಬಾರದು. ಲಾಗಿನ್ ಆಗುವಾಗ ನೀವು ಕೊಟ್ಟದ್ದನ್ನು ಮತ್ತೆ ಅದೇ ಕ್ರಿಯೆಗೆ ಒಡ್ಡಿ ಎರಡನ್ನೂ ಹೋಲಿಸಿದರೆ ಸಾಕು. ಈ ಫಲಿತಾಂಶಕ್ಕೆ ಈಗ ‘ಹ್ಯಾಶ್’ ಎನ್ನುತ್ತಾರೆ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್‌ನ ಪದ್ಧತಿಯನ್ನು ವಿವರಿಸಿ ಬರೆದರು. ಪಾಸ್‌ವರ್ಡಿನ ಜೊತೆ ‘ಸಾಲ್ಟ್’ ಎಂಬ ಯಾದೃಚ್ಛಿಕ ಅಂಶವೊಂದನ್ನು, ಅಂದಿನ ಲೆಕ್ಕದಲ್ಲಿ 4096 ಬಗೆಗಳಲ್ಲಿ ಒಂದನ್ನು, ಸೇರಿಸಿ ಕ್ರಿಯೆಯನ್ನು 25 ಸಲ ಪುನರಾವರ್ತಿಸುತ್ತಿದ್ದರು. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹ್ಯಾಶ್ ಸಾಮಾನ್ಯವಾಗಿ ಬೇರೆಯಾಗುತ್ತಿತ್ತು. ಲಿನಕ್ಸ್ ಈ ವಂಶದ್ದು. ಇಂದು ಅದರ ಸಾಲ್ಟ್ ಇನ್ನೂ ಉದ್ದ, ಪುನರಾವರ್ತನೆ ಸಾವಿರಗಟ್ಟಲೆ. ವಿಂಡೋಸ್ ಬೇರೆ ವಂಶದ್ದು. ಅದರ ಎನ್‌ಟಿ ಹ್ಯಾಶ್ ಎಂಡಿ4 ಎಂಬ ಕ್ರಿಯೆಯಿಂದ ಬರುತ್ತದೆ, ಸಾಲ್ಟ್ ಇಲ್ಲ. ಇಬ್ಬರ ಪಾಸ್‌ವರ್ಡ್ ಒಂದೇ ಆದರೆ ಹ್ಯಾಶೂ ಒಂದೇ.

ಮಿಶ್ರ ಕಚೇರಿಯ ತೊಡಕು ಹುಟ್ಟುವುದು ಇಲ್ಲಿ. ಲಿನಕ್ಸ್‌ನ ಹ್ಯಾಶನ್ನು ವಿಂಡೋಸ್‌ನ ಹ್ಯಾಶ್ ಮಾಡಬೇಕಾದರೆ ನಡುವೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಎಲ್ಲೂ ಇಲ್ಲ, ನಿರ್ವಾಹಕರ ಕೈಯಲ್ಲೂ ಇಲ್ಲ. ಕಳ್ಳನಿಗೆ ಸಿಗಬಾರದೆಂದು ಮಾಡಿದ ಏರ್ಪಾಡು ಯಜಮಾನನಿಗೂ ಅಡ್ಡ ಬಂತು. ವರ್ಷಗಳ ಕಾಲ ಇಂಥ ಕಚೇರಿಗಳು ಎರಡು ಪಟ್ಟಿ ಇಟ್ಟುಕೊಂಡು, ‘ಎಲ್ಲರೂ ಬಂದು ಇನ್ನೊಮ್ಮೆ ಪಾಸ್‌ವರ್ಡ್ ಹಾಕಿ ಹೋಗಿ’ ಎಂದು ಸಿಬ್ಬಂದಿಯನ್ನು ಕರೆಯುತ್ತಿದ್ದವು.

ಹೊರದಾರಿ ತೋರಿಸಿದವರೂ ನೀಡಮ್ ಅವರೇ. 1978ರಲ್ಲಿ ಅವರು ಮತ್ತು ಮೈಕೆಲ್ ಶ್ರೋಡರ್ ಹೊಸ ಪ್ರಶ್ನೆ ಹಾಕಿಕೊಂಡರು: ಇಬ್ಬರಿಗೂ ಪರಿಚಯವಿರುವ ಮೂರನೆಯವರೊಬ್ಬರು ಇದ್ದರೆ, ಪರಸ್ಪರ ಅಪರಿಚಿತರಾದ ಎರಡು ಯಂತ್ರಗಳು ಗುಟ್ಟನ್ನು ತಂತಿಯ ಮೇಲೆ ಬಿಡದೆ ಒಂದನ್ನೊಂದು ನಂಬಬಹುದೆ? 1983ರಲ್ಲಿ ಎಂಐಟಿಯಲ್ಲಿ ಶುರುವಾದ ‘ಅಥೀನಾ’ ಯೋಜನೆಗೆ ಇದೇ ಉತ್ತರ ಬೇಕಾಗಿತ್ತು. ಡಿಜಿಟಲ್ ಮತ್ತು ಐಬಿಎಂ ಕಂಪನಿಗಳ ನೆರವಿನಿಂದ ಕ್ಯಾಂಪಸ್ ತುಂಬ ಯಂತ್ರಗಳನ್ನು ಹರಡಿ, ವಿದ್ಯಾರ್ಥಿ ಯಾವುದರ ಮುಂದೆ ಕುಳಿತರೂ ತನ್ನ ಫೈಲು ಸಿಗುವಂತೆ ಮಾಡುವುದು ಅದರ ಗುರಿ. ಅಲ್ಲಿ ಹುಟ್ಟಿದ್ದು ಕರ್ಬೆರಾಸ್. ಅದರ ಐದನೆಯ ಆವೃತ್ತಿ 1993ರಲ್ಲಿ ಸಾರ್ವಜನಿಕ ಮಾನದಂಡವಾಯಿತು. ಇಂದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಅರ್ಥವಾಗುವ ಭಾಷೆ ಇದು.

ಕೆಲಸದ ರೀತಿ ಹೀಗೆ. ಬೆಳಗ್ಗೆ ಇಳಕಲ್ಲಿನ ಉಪನ್ಯಾಸಕಿಯೊಬ್ಬರು ಪಾಸ್‌ವರ್ಡ್ ಹಾಕುತ್ತಾರೆ. ಯಂತ್ರ ಅದನ್ನು ಎಲ್ಲಿಗೂ ಕಳಿಸುವುದಿಲ್ಲ. ಅದರಿಂದ ಒಂದು ಗೂಢಲಿಪಿ ಕೀಲಿ ಮಾಡಿಕೊಂಡು, ಆ ಕ್ಷಣದ ಗಡಿಯಾರದ ಸಮಯವನ್ನು ಕೀಲಿಯಿಂದ ಮುಚ್ಚಿ ಬಾಗಲಕೋಟೆಯ ಕೇಂದ್ರ ಸರ್ವರ್‌ಗೆ ಕಳಿಸುತ್ತದೆ. ಸರ್ವರ್‌ನಲ್ಲಿ ಅವರ ಕೀಲಿಯ ಪ್ರತಿ ಇದೆ. ತೆರೆದು ನೋಡಿದಾಗ ಒಳಗೆ ಈಗಿನ ಸಮಯ ಇದ್ದರೆ, ಮುಚ್ಚಿದವರಿಗೆ ಪಾಸ್‌ವರ್ಡ್ ಗೊತ್ತಿದೆ ಎಂದೇ ಅರ್ಥ. ಆಗ ಸರ್ವರ್ ಎರಡು ವಸ್ತು ಕೊಡುತ್ತದೆ. ಒಂದು, ಆ ದಿನದ ಮಟ್ಟಿಗಿನ ತಾತ್ಕಾಲಿಕ ಕೀಲಿ. ಇನ್ನೊಂದು, ಟಿಕೆಟ್. ಟಿಕೆಟ್ಟನ್ನು ಸರ್ವರ್ ತನಗೆ ಮಾತ್ರ ಗೊತ್ತಿರುವ ಕೀಲಿಯಿಂದ ಮುಚ್ಚಿರುತ್ತದೆ. ಉಪನ್ಯಾಸಕಿ ಅದನ್ನು ಹೊತ್ತು ತಿರುಗಬಹುದು, ತೆರೆಯಲಾಗದು, ತಿದ್ದಲಾಗದು. ಕೇಂದ್ರ ಕಚೇರಿಯ ಫೈಲ್ ಸರ್ವರ್ ಬೇಕಾದಾಗ ಅವರ ಯಂತ್ರ ಈ ಟಿಕೆಟ್ ತೋರಿಸಿ, ಆ ಸರ್ವರ್‌ಗೆ ಮಾತ್ರ ಸಲ್ಲುವ ಇನ್ನೊಂದು ಟಿಕೆಟ್ ಪಡೆಯುತ್ತದೆ. ಫೈಲ್ ಸರ್ವರ್ ಅದನ್ನು ತನ್ನ ಕೀಲಿಯಿಂದ ತಾನೇ ತೆರೆದು ಓದಿಕೊಳ್ಳುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

ವಿದ್ಯಾರ್ಥಿಗಳ ಬಸ್ ಪಾಸ್ ಇದಕ್ಕೆ ಹತ್ತಿರದ ಹೋಲಿಕೆ. ಗುರುತಿನ ಚೀಟಿ, ಶುಲ್ಕದ ರಸೀದಿ ಎಲ್ಲ ನೋಡುವುದು ಪಾಸ್ ಕೊಡುವ ಕೌಂಟರಿನಲ್ಲಿ, ಒಂದೇ ಸಲ. ಆಮೇಲೆ ಬಾದಾಮಿ ಬಸ್ಸಿನ ಕಂಡಕ್ಟರ್ ಮುದ್ರೆ ಮತ್ತು ತಾರೀಖು ನೋಡುತ್ತಾನೆ ಅಷ್ಟೆ, ಕೌಂಟರಿಗೆ ಫೋನ್ ಮಾಡುವುದಿಲ್ಲ. ಆದ್ದರಿಂದಲೇ ವ್ಯವಸ್ಥೆ ಚುರುಕಾಗಿ ನಡೆಯುತ್ತದೆ. ಅದರ ದೋಷವೂ ಅಲ್ಲೇ ಇದೆ. ವಿದ್ಯಾರ್ಥಿ ಇವತ್ತು ಕಾಲೇಜು ಬಿಟ್ಟರೂ ಕಿಸೆಯಲ್ಲಿರುವ ಪಾಸ್ ತಾರೀಖು ಮುಗಿಯುವವರೆಗೆ ನಡೆಯುತ್ತದೆ. ಕರ್ಬೆರಾಸ್ ಟಿಕೆಟ್ಟೂ ಹಾಗೇ. ವಿಂಡೋಸ್ ಡೊಮೇನಿನಲ್ಲಿ, ಅಂದರೆ ಒಂದೇ ಕೇಂದ್ರ ಸರ್ವರ್‌ಗೆ ಒಳಪಟ್ಟ ಯಂತ್ರಗಳ ಕೂಟದಲ್ಲಿ, ಅದರ ಆಯುಷ್ಯ ಸಾಮಾನ್ಯವಾಗಿ 10 ಗಂಟೆ. ಬೆಳಗ್ಗೆ ಹನ್ನೊಂದಕ್ಕೆ ಒಬ್ಬರ ಖಾತೆ ಮುಚ್ಚಿದಿರಿ ಎನ್ನಿ. ಹತ್ತು ಗಂಟೆಗೆ ಅವರು ಪಡೆದ ಫೈಲ್ ಸರ್ವರ್ ಟಿಕೆಟ್ ಸಂಜೆಯವರೆಗೂ ಸಲ್ಲಬಹುದು. ಅಮಾನತು ಆದೇಶ ಕೊಡುವ ಮುನ್ನ ಮೇಲಧಿಕಾರಿಗಳು ಕಂಪ್ಯೂಟರ್ ವಿಭಾಗದವರನ್ನು ಒಂದು ಮಾತು ಕೇಳುವುದು ಮೇಲು.

ಗಡಿಯಾರದ ವಿಷಯಕ್ಕೆ ಮತ್ತೆ ಬರಬೇಕು, ಏಕೆಂದರೆ ನಮ್ಮ ಕಡೆಯ ಕಚೇರಿಗಳಲ್ಲಿ ಕೈಕೊಡುವುದು ಅದೇ. ನೀಡಮ್ ಮತ್ತು ಶ್ರೋಡರ್ ಅವರ ಮೂಲ ಯೋಜನೆಯಲ್ಲಿ ಸಮಯ ಇರಲಿಲ್ಲ. ಹಳೆಯ ಸಂದೇಶವನ್ನು ಹಿಡಿದಿಟ್ಟು, ಅದರ ಹಳೆಯ ಕೀಲಿಯೂ ಕೈಗೆ ಸಿಕ್ಕರೆ, ಮತ್ತೆ ಕಳಿಸಿ ಮೋಸ ಮಾಡಬಹುದು ಎಂದು 1981ರಲ್ಲಿ ಡೊರೋಥಿ ಡೆನಿಂಗ್ ಮತ್ತು ಜೊವಾನಿ ಸಾಕೊ ತೋರಿಸಿ, ಸಂದೇಶದೊಳಗೆ ಸಮಯ ಹಾಕಿ ಎಂದರು. ಕರ್ಬೆರಾಸ್ ಅದನ್ನು ಒಪ್ಪಿತು. ಅಂದಿನಿಂದ ಗುರುತಿನ ಪರೀಕ್ಷೆ ಗಡಿಯಾರದ ಪರೀಕ್ಷೆಯೂ ಆಯಿತು. ಎರಡು ಯಂತ್ರಗಳ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ವಿನಂತಿ ತಿರಸ್ಕೃತ. ಕೆಲವು ತಂತ್ರಾಂಶಗಳು ಸರ್ವರ್ ತಿಳಿಸಿದ ಸಮಯಕ್ಕೆ ತಾವೇ ಹೊಂದಿಕೊಳ್ಳಲು ನೋಡುತ್ತವೆ, ಆದರೆ ಅದನ್ನು ನೆಚ್ಚಿ ಕೂರುವಂತಿಲ್ಲ.

ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತರೆ, ರಾತ್ರಿ ಕರೆಂಟು ಹೋದ ಮೇಲೆ ಬೆಳಗ್ಗೆ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಏಳುತ್ತದೆ. ‘ಸರ, ಪಾಸ್‌ವರ್ಡ್ ಬರೋಬ್ಬರಿ ಹಾಕೀನಿ, ತಗೋವಲ್ದ್ರಿ’ ಎಂದು ಗುಮಾಸ್ತರು ಫೋನ್ ಮಾಡುತ್ತಾರೆ. ಪಾಸ್‌ವರ್ಡ್ ನಿಜಕ್ಕೂ ಬರೋಬ್ಬರಿಯೇ ಇರುತ್ತದೆ. ತಪ್ಪು ಮೂವತ್ತು ನಲವತ್ತು ರೂಪಾಯಿಯ ಬ್ಯಾಟರಿಯದು.

ಇದಕ್ಕಿಂತ ಸೂಕ್ಷ್ಮವಾದದ್ದು ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಲ್ಯಾಬುಗಳ ಕಥೆ. ಮದರ್‌ಬೋರ್ಡಿನ ಗಡಿಯಾರ ಭಾರತೀಯ ಕಾಲಮಾನ ತೋರಿಸುತ್ತದೆ ಎಂದು ವಿಂಡೋಸ್ ನಂಬುತ್ತದೆ. ಅದು ಜಾಗತಿಕ ಕಾಲಮಾನ ಎಂದು ಲಿನಕ್ಸ್ ಸಾಮಾನ್ಯವಾಗಿ ನಂಬುತ್ತದೆ. ಎರಡರ ನಡುವೆ ಐದೂವರೆ ಗಂಟೆ. ಬೆಳಗಿನ ತರಗತಿಯಲ್ಲಿ ಲಿನಕ್ಸ್ ಗಡಿಯಾರವನ್ನು ತನ್ನಂತೆ ತಿದ್ದಿಟ್ಟು ಹೋದರೆ, ಮಧ್ಯಾಹ್ನ ವಿಂಡೋಸ್ ಐದೂವರೆ ಗಂಟೆ ಹಿಂದೆ ಬಿದ್ದು ಏಳುತ್ತದೆ. ನೋಡಿದವರು ಕೈಯಾರೆ ಸರಿಪಡಿಸುತ್ತಾರೆ. ಮರುದಿನ ಲಿನಕ್ಸ್ ಮುಂದೆ ಓಡಿರುತ್ತದೆ. ಲಿನಕ್ಸ್‌ಗೆ ಒಂದು ಆಜ್ಞೆ ಕೊಟ್ಟು, ಅಥವಾ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಬದಲಿಸಿ, ಇಬ್ಬರನ್ನೂ ಒಂದೇ ಕಾಲಮಾನಕ್ಕೆ ತರಬಹುದು. ಅದಕ್ಕೆ ಮೊದಲು ರೋಗ ಇದೆಂದು ತಿಳಿಯಬೇಕು. ಪರದೆಯ ಮೇಲಿನ ಸಂದೇಶ ಎಷ್ಟೋ ಸಲ ಪಾಸ್‌ವರ್ಡಿನ ಕಡೆ ಬೊಟ್ಟು ಮಾಡುತ್ತದೆ, ಗಡಿಯಾರದ ಕಡೆ ಅಲ್ಲ.

2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ಗಡಿಯಾರದ ಮಾತಿದೆ. ಸರ್ಕಾರಿ ಸಂಸ್ಥೆಗಳು, ಕಂಪನಿಗಳು, ದತ್ತಾಂಶ ಕೇಂದ್ರಗಳು ತಮ್ಮ ಯಂತ್ರಗಳ ಸಮಯವನ್ನು ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸರಿಹೊಂದಿಸಬೇಕು; ಯಾರು ಯಾವಾಗ ಏನು ಮಾಡಿದರೆಂಬ ಲಾಗ್‌ಗಳನ್ನು 180 ದಿನ ಇಡಬೇಕು. ಭಾರತೀಯ ಕಾಲಮಾನವನ್ನು ಪರಮಾಣು ಗಡಿಯಾರಗಳಿಂದ ಕಾಯುವ ಪ್ರಯೋಗಾಲಯಕ್ಕೂ ಹುನಗುಂದದ ಗುಮಾಸ್ತರ ಲಾಗಿನ್‌ಗೂ ಹೀಗೆ ನೇರ ಸಂಬಂಧವಿದೆ.

ಗುರುತು ಒಪ್ಪಿಗೆಯಾದ ಮೇಲೂ ಒಂದು ಜಟಿಲ ಪ್ರಶ್ನೆ ಉಳಿಯುತ್ತದೆ: ಈ ಫೈಲು ಯಾರದು? ಇಳಕಲ್ಲಿನ ಮಹಾಂತಸ್ವಾಮಿ ಮಠದ ಪ್ರಭಾವಲಯದಲ್ಲಿ ಮಹಾಂತೇಶ ಎಂಬ ಹೆಸರಿನವರಿಗೆ ಬರವಿಲ್ಲ. ಒಂದೇ ಕಾಲೇಜಿನಲ್ಲಿ ಮೂವರು ಸಿಗಬಹುದು. ಕಂಪ್ಯೂಟರಿಗೆ ಹೆಸರಿನ ಹಂಗಿಲ್ಲ, ಅದು ಸಂಖ್ಯೆ ನೋಡುತ್ತದೆ. ಲಿನಕ್ಸ್ ಪ್ರತಿ ಯಂತ್ರದಲ್ಲೂ ಸಾಮಾನ್ಯ ಬಳಕೆದಾರರಿಗೆ 1000, 1001 ಎಂದು ಸಾಲಾಗಿ ಸಂಖ್ಯೆ ಕೊಡುತ್ತ ಹೋಗುತ್ತದೆ. ಬಾದಾಮಿಯ ಲ್ಯಾಬಿನಲ್ಲಿ 1001 ಎಂದರೆ ಪ್ರಾಂಶುಪಾಲರು; ಇಳಕಲ್ಲಿನಲ್ಲಿ 1001 ಎಂದರೆ ಪ್ರಥಮ ವರ್ಷದ ವಿದ್ಯಾರ್ಥಿ. ಎರಡೂ ಯಂತ್ರಗಳು ಎನ್‌ಎಫ್‌ಎಸ್ ಎಂಬ ಹಳೆಯ ಪದ್ಧತಿಯಲ್ಲಿ ಒಂದೇ ಫೈಲ್ ಸರ್ವರ್ ಹಂಚಿಕೊಂಡರೆ, ಆ ಸರ್ವರ್ ಬಂದ ಸಂಖ್ಯೆಯನ್ನು ಹಾಗೇ ನಂಬುತ್ತದೆ. ಪ್ರಾಂಶುಪಾಲರ ಪ್ರಶ್ನೆಪತ್ರಿಕೆ ವಿದ್ಯಾರ್ಥಿಯ ಸ್ವಂತ ಆಸ್ತಿಯಾಗಿ ಕಾಣುತ್ತದೆ. ಪಟ್ಟಿಯ ಕೊನೆಯಲ್ಲಿದ್ದ ಮಹಾಂತೇಶರ ಖಾತೆ ಅಳಿಸಿ ಹೊಸಬರ ಖಾತೆ ತೆರೆದರೆ ಅದೇ ಸಂಖ್ಯೆ ಅವರಿಗೆ ಹೋಗಿ, ಹಳಬರ ಫೈಲುಗಳೆಲ್ಲ ಮಾತುಕತೆಯಿಲ್ಲದೆ ಹೊಸಬರ ಪಾಲಾಗುವುದೂ ಉಂಟು.

ವಿಂಡೋಸ್ ಈ ವಿಷಯದಲ್ಲಿ ಮೊದಲಿನಿಂದ ಹೆಚ್ಚು ಎಚ್ಚರದ್ದು. ಅದರ ಎಸ್‌ಐಡಿ ಎಂಬ ಗುರುತಿನಲ್ಲಿ ಡೊಮೇನಿನ ಉದ್ದನೆಯ ಸಂಖ್ಯೆ, ಕೊನೆಗೆ ವ್ಯಕ್ತಿಯ ಕ್ರಮಸಂಖ್ಯೆ ಇರುತ್ತದೆ. ಒಮ್ಮೆ ಕೊಟ್ಟದ್ದನ್ನು ಮತ್ತೆ ಇನ್ನೊಬ್ಬರಿಗೆ ಕೊಡುವುದಿಲ್ಲ. ಅದೇ ಹೆಸರಿನಲ್ಲಿ ಖಾತೆ ಮತ್ತೆ ತೆರೆದರೂ ವಿಂಡೋಸ್ ಪಾಲಿಗೆ ಅದು ಬೇರೆ ಮನುಷ್ಯ. ಆದ್ದರಿಂದ ಕೆಲಸ ಬಿಟ್ಟವರ ಖಾತೆ ಅಳಿಸಬೇಡಿ, ನಿಷ್ಕ್ರಿಯಗೊಳಿಸಿ ಎನ್ನುವುದು.

ಲಿನಕ್ಸ್‌ಗೆ ಎಸ್‌ಐಡಿ ಓದಲು ಬರುವುದಿಲ್ಲ, ಅದಕ್ಕೆ ಒಂದೇ ಪೂರ್ಣಾಂಕ ಬೇಕು. ಇದನ್ನು ಎಸ್‌ಎಸ್‌ಎಸ್‌ಡಿ ಎಂಬ ತಂತ್ರಾಂಶ ಬಗೆಹರಿಸಿದ ರೀತಿ ನನಗೆ ಬಹಳ ಇಷ್ಟ. ಅದು 2,00,000ದಿಂದ ಸುಮಾರು 200 ಕೋಟಿವರೆಗಿನ ಸಂಖ್ಯೆಗಳನ್ನು ಎರಡೆರಡು ಲಕ್ಷದ 10,000 ತುಂಡುಗಳಾಗಿ ಕತ್ತರಿಸಿಕೊಳ್ಳುತ್ತದೆ. ಡೊಮೇನಿನ ಸಂಖ್ಯೆಯನ್ನು ಹ್ಯಾಶ್ ಮಾಡಿ ಒಂದು ತುಂಡನ್ನು ಆರಿಸುತ್ತದೆ, ವ್ಯಕ್ತಿಯ ಕ್ರಮಸಂಖ್ಯೆಯನ್ನು ಅದಕ್ಕೆ ಕೂಡಿಸುತ್ತದೆ. ನಮ್ಮ ಸಂಸ್ಥೆಗೆ 4321ನೆಯ ತುಂಡು ಬಂತು, ಒಬ್ಬರ ಕ್ರಮಸಂಖ್ಯೆ 1108 ಎನ್ನಿ. ಮೊದಲ ತುಂಡನ್ನು ಸೊನ್ನೆಯೆಂದು ಎಣಿಸಿದರೆ ಅವರ ಲಿನಕ್ಸ್ ಸಂಖ್ಯೆ 86,44,01,108. ಬಾದಾಮಿಯ ಯಂತ್ರ ಲೆಕ್ಕ ಹಾಕಿದರೂ ಅಷ್ಟೇ, ಇಳಕಲ್ಲಿನದು ಹಾಕಿದರೂ ಅಷ್ಟೇ. ಎರಡೂ ಮಾತಾಡಿಕೊಳ್ಳಬೇಕಿಲ್ಲ, ಯಾರೂ ಸಂಖ್ಯೆ ಹಂಚುವ ರಿಜಿಸ್ಟರ್ ಇಡಬೇಕಿಲ್ಲ.

ಇಷ್ಟೆಲ್ಲ ಈಗ ಸಲೀಸಾಗಿ ಕಾಣುವುದರ ಹಿಂದೆ ಒಂದು ಕೋರ್ಟು ಕಚೇರಿಯ ಅಧ್ಯಾಯವೂ ಇದೆ. 2000ರಲ್ಲಿ ವಿಂಡೋಸ್ 2000 ಜೊತೆ ಮೈಕ್ರೋಸಾಫ್ಟ್ ‘ಆಕ್ಟಿವ್ ಡೈರೆಕ್ಟರಿ’ ಎಂಬ ಕೇಂದ್ರ ಗುರುತು ವ್ಯವಸ್ಥೆ ತಂದಿತು. ಅದರ ಹೊಟ್ಟೆಯಲ್ಲಿದ್ದದ್ದು ಕರ್ಬೆರಾಸ್ ಮತ್ತು ಎಲ್‌ಡಿಎಪಿ ಎಂಬ ಎರಡು ಸಾರ್ವಜನಿಕ ಮಾನದಂಡಗಳು. ಟಿಕೆಟ್ಟಿನೊಳಗೆ ಬಳಕೆದಾರ ಯಾವ ಯಾವ ಗುಂಪಿಗೆ ಸೇರಿದವನೆಂಬ ವಿವರವನ್ನು ಕಂಪನಿ ತನ್ನದೇ ರೀತಿಯಲ್ಲಿ ತುಂಬಿತು. ಬೇರೆಯವರ ಸರ್ವರ್‌ಗಳಿಗೆ ವಿಂಡೋಸ್ ಜೊತೆ ಬೆರೆಯುವುದು ಕಷ್ಟವಾಯಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿ 1992ರ ಸುಮಾರಿಗೆ ಶುರುಮಾಡಿದ ‘ಸಾಂಬಾ’ ಎಂಬ ಉಚಿತ ತಂತ್ರಾಂಶ, ತಂತಿಯ ಮೇಲೆ ಹೋಗಿಬರುವ ಸಂದೇಶಗಳನ್ನು ಗಮನಿಸಿ, ಕಳಿಸಿ, ಉತ್ತರ ನೋಡಿ, ವಿಂಡೋಸ್‌ನ ಭಾಷೆಯನ್ನು ತಾನೇ ಕಲಿತಿತ್ತು. (ಆ ಭಾಷೆಯ ಹೆಸರು ಎಸ್‌ಎಂಬಿ; ಎಸ್, ಎಂ, ಬಿ ಅಕ್ಷರಗಳು ಇದೇ ಅನುಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿ ಅವರು ‘ಸಾಂಬಾ’ ಎಂದು ಹೆಸರಿಟ್ಟರು.) 2004ರ ಮಾರ್ಚಿನಲ್ಲಿ ಯುರೋಪಿಯನ್ ಆಯೋಗ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಈ ಸಂವಹನದ ವಿವರಗಳನ್ನು ಇತರರಿಗೂ ಕೊಡಬೇಕೆಂದಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ತಂಡದ ಪರವಾಗಿ ಒಂದು ಪ್ರತಿಷ್ಠಾನ 10,000 ಯೂರೋ ಕೊಟ್ಟು ಆ ದಾಖಲೆಗಳನ್ನು ಪಡೆಯಿತು. 2012ರ ಡಿಸೆಂಬರಿನಲ್ಲಿ ಬಂದ ಸಾಂಬಾ 4.0, ಲಿನಕ್ಸ್ ಯಂತ್ರವೊಂದನ್ನೇ ವಿಂಡೋಸ್ ಡೊಮೇನಿನ ಕೇಂದ್ರ ಸರ್ವರ್ ಮಾಡಬಲ್ಲದಾಗಿತ್ತು. ಸರ್ವರ್ ಲೈಸೆನ್ಸು, ತಲೆಗೊಂದು ಬಳಕೆದಾರ ಲೈಸೆನ್ಸು ಎಂದು ಲಕ್ಷಗಳ ಲೆಕ್ಕ ಹಾಕಲಾರದ ಹುನಗುಂದದ ಕಾಲೇಜಿಗೆ ಯುರೋಪಿನ ಆ ಜಗಳದಿಂದ ಆದ ಲಾಭ ಇದು. ಹಳೆಯ ಕಂಪ್ಯೂಟರಿನಲ್ಲೇ ಸಾಂಬಾ ಹಾಕಿ ನಡೆಸಬಹುದು.

ಕೇಂದ್ರ ಬಾಗಲಕೋಟೆಯಲ್ಲಿ, ಕೆಲಸ ಇಳಕಲ್ಲಿನಲ್ಲಿ. ರಸ್ತೆ ಅಗೆಯುವವರು ಕೇಬಲ್ ಕಡಿದರೆ? ವಿಂಡೋಸ್ ಕೊನೆಯ 10 ಜನರ ಲಾಗಿನ್ ಪರೀಕ್ಷೆಗೆ ಬೇಕಾದ ಕುರುಹನ್ನು ಯಂತ್ರದಲ್ಲೇ ಉಳಿಸಿಕೊಂಡಿರುತ್ತದೆ. ಎಸ್‌ಎಸ್‌ಎಸ್‌ಡಿಗೂ ಹಾಗೆ ಮಾಡಲು ಹೇಳಬಹುದು. ಕೆಲಸ ನಿಲ್ಲುವುದಿಲ್ಲ. ಆದರೆ ನಿನ್ನೆ ಖಾತೆ ಮುಚ್ಚಿಸಿಕೊಂಡವರು ಕೇಬಲ್ ಕಿತ್ತ ಲ್ಯಾಪ್‌ಟಾಪಿನಲ್ಲಿ ಹಳೆಯ ಪಾಸ್‌ವರ್ಡಿನಿಂದಲೇ ಒಳಗೆ ಹೋಗಬಹುದು. ಹೋದವರಿಂದ ಲ್ಯಾಪ್‌ಟಾಪ್ ವಾಪಸು ಪಡೆಯುವುದು ಇದಕ್ಕಾಗಿಯೂ ಹೌದು. ದೊಡ್ಡ ಶಾಖೆಯಾದರೆ ಅಲ್ಲೇ ಎರಡನೆಯ ಕೇಂದ್ರ ಸರ್ವರ್ ಇಡುವುದುಂಟು. ಅದು ಕಳುವಾದರೆ ಎಲ್ಲರ ಕೀಲಿಗಳೂ ಕಳುವಾದಂತೆ ಎಂಬ ಭಯಕ್ಕೆ ಮೈಕ್ರೋಸಾಫ್ಟ್ 2008ರ ಸರ್ವರ್ ಆವೃತ್ತಿಯಲ್ಲಿ, ಓದಲಷ್ಟೇ ಬರುವ, ಆ ಶಾಖೆಯವರ ಕೀಲಿಗಳನ್ನಷ್ಟೇ ಇಟ್ಟುಕೊಳ್ಳುವ ಸರ್ವರ್ ತಂದಿತು. ಭಯ ಸುಳ್ಳಲ್ಲ. ಟಿಕೆಟ್ ಮುಚ್ಚುವ ಕೇಂದ್ರದ ಕೀಲಿ ಕಳ್ಳನ ಕೈಗೆ ಹೋದರೆ ಅವನು ಯಾರ ಹೆಸರಿನಲ್ಲಿ ಬೇಕಾದರೂ ಟಿಕೆಟ್ ಮುದ್ರಿಸಿಕೊಳ್ಳಬಹುದು. ಒಂದೇ ಕಡೆ ಎಲ್ಲ ಇಡುವವರು ಆ ಒಂದು ಕಡೆಯ ಬಾಗಿಲಿಗೆ ದುಪ್ಪಟ್ಟು ಖರ್ಚು ಮಾಡಲು ತಯಾರಿರಬೇಕು.

2018ರ ಸುಮಾರಿಗೆ ಹುನಗುಂದ ತಾಲೂಕು ಒಡೆದು ಇಳಕಲ್ ತಾಲೂಕಾಯಿತು, ಬಾದಾಮಿಯಿಂದ ಗುಳೇದಗುಡ್ಡ ಬೇರೆಯಾಯಿತು. ಊರು ಅದೇ, ಹೊಲ ಅದೇ, ತಲಾಟಿಯೂ ಅವರೇ ಇರಬಹುದು, ತಹಸೀಲ್ದಾರರು ಬೇರೆ. ಮನುಷ್ಯನ ಗುರುತು ಹಾಗೇ ಇದ್ದು ಅಧಿಕಾರದ ಗೆರೆ ಮಾತ್ರ ಸರಿಯುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಒಳ್ಳೆಯ ಡೈರೆಕ್ಟರಿಯಲ್ಲಿ ಇವೆರಡೂ ಪ್ರತ್ಯೇಕ. ಖಾತೆ ವ್ಯಕ್ತಿಗೆ, ಹಕ್ಕು ಗುಂಪಿಗೆ. ‘ಹುನಗುಂದ ಶಾಖೆ’ ಗುಂಪಿನಿಂದ ತೆಗೆದು ‘ಇಳಕಲ್ ಶಾಖೆ’ಗೆ ಸೇರಿಸಿದರೆ ವರ್ಗಾವಣೆ ಮುಗಿಯಿತು, ಪಾಸ್‌ವರ್ಡ್ ಬದಲಾಗುವುದಿಲ್ಲ. ಒಂದು ಸಣ್ಣ ಸಂಗತಿ ನೆನಪಿಡಬೇಕು: ಗುಂಪಿನ ವಿವರ ಬೆಳಗಿನ ಟಿಕೆಟ್ಟಿನಲ್ಲಿ ಆಗಲೇ ಬರೆದಾಗಿರುತ್ತದೆ. ಆ ವ್ಯಕ್ತಿ ಲಾಗೌಟ್ ಆಗಿ ಮತ್ತೆ ಬರುವವರೆಗೆ ಹಳೆಯ ಗುಂಪೇ ನಡೆಯುತ್ತದೆ.

ಕೊನೆಗೆ ಉಳಿಯುವುದು ಯಾವ ಗಣಿತಕ್ಕೂ ಬಗ್ಗದ ರೋಗ. ‘ಆಪರೇಟರ್’ ಎಂಬ ಒಂದೇ ಖಾತೆ, ಆರು ಜನರ ಬಳಕೆ, ಮಾನಿಟರಿನ ಅಂಚಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ. ಇದಕ್ಕೆ ನೌಕರರನ್ನಷ್ಟೇ ಬೈಯುವುದು ನ್ಯಾಯವಲ್ಲ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಪೀಡಿಸಿದರೆ ಜನ ಚೀಟಿ ಬರೆಯುತ್ತಾರೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಕೂಡ 2017ರಲ್ಲಿ, ಸೋರಿದ ಸುಳಿವಿಲ್ಲದಿದ್ದರೆ ಸುಮ್ಮನೆ ಬದಲಿಸಲು ಒತ್ತಾಯಿಸಬೇಡಿ ಎಂದಿತು. ಉದ್ದವಾದ, ನೆನಪಿರುವ ಒಂದು ಪಾಸ್‌ವರ್ಡ್ ಸಾಕು, ಅದು ಒಬ್ಬರದೇ ಆಗಿದ್ದರೆ. ಬೆರಳಚ್ಚು ಇನ್ನೂ ಗಟ್ಟಿ, ಆದರೆ ಅದಕ್ಕೊಂದು ಮಿತಿಯಿದೆ: ಸೋರಿಹೋದ ಬೆರಳನ್ನು ಬದಲಿಸಲು ಬರುವುದಿಲ್ಲ. ಬೆರಳು ಒತ್ತಿ ಲಾಗಿನ್ ಆಗಿ, ಪರದೆ ತೆರೆದಿಟ್ಟು ಚಹಾಕ್ಕೆ ಹೋದರೆ ಅದೂ ವ್ಯರ್ಥ.

ನಿಮ್ಮ ಸಂಸ್ಥೆ ಎಂಥ ಸರ್ವರ್ ಕೊಂಡಿದೆ ಎಂದು ವಿಚಾರಿಸುವ ಮುನ್ನ ಒಂದು ಕೆಲಸ ಮಾಡಿ. ಕಂಪ್ಯೂಟರ್ ನೋಡಿಕೊಳ್ಳುವವರಿಂದ ಚಾಲ್ತಿಯಲ್ಲಿರುವ ಖಾತೆಗಳ ಪಟ್ಟಿ ಕೇಳಿ ಪಡೆಯಿರಿ. ಅದನ್ನು ಈ ತಿಂಗಳ ಸಂಬಳದ ಪಟ್ಟಿಯ ಪಕ್ಕ ಇಟ್ಟು, ಹೆಚ್ಚಾಗಿರುವ ಹೆಸರುಗಳನ್ನು ಇವತ್ತೇ ನಿಷ್ಕ್ರಿಯಗೊಳಿಸಲು ಹೇಳಿ.